ರಾಷ್ಟ್ರೀಯ ಅರಣ್ಯದಲ್ಲಿ ಶುಲ್ಕವಿಲ್ಲದೆ ಟೆಂಟ್ ಹಾಕುವವರಿಗೆ

ಗ್ರ್ಯಾಂಡ್ ಕ್ಯಾನಿಯನ್ ನೋಡಲು ಹೊರಟಿರುವವರು ಅಮೆರಿಕದ ಅರಿಜೋನಾ ರಾಜ್ಯದ ಫ್ಲಾಗ್‌ಸ್ಟಾಫ್ ಸುತ್ತಲಿನ ಕೊಕೊನಿನೊ ರಾಷ್ಟ್ರೀಯ ಅರಣ್ಯದಲ್ಲಿ, ನಿಗದಿತ ಕ್ಯಾಂಪ್‌ಗ್ರೌಂಡುಗಳ ಹೊರಗೆ, ಶುಲ್ಕವಿಲ್ಲದೆ ತಂಗಬಹುದು. 30 ದಿನಗಳ ಅವಧಿಯಲ್ಲಿ 14 ದಿನಗಳ ಮಿತಿಯಿದೆ. ಹಾಗೆಂದು ಕಾರನ್ನು ಎಲ್ಲೆಂದರಲ್ಲಿ ನುಗ್ಗಿಸುವಂತಿಲ್ಲ. ಈ ಕಾಡನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಅಮೆರಿಕದ ಅರಣ್ಯ ಸೇವೆಯು ಉಚಿತವಾಗಿ ಒದಗಿಸುವ ಮೋಟಾರು ವಾಹನ ನಕ್ಷೆಯಲ್ಲಿ ಯಾವ ರಸ್ತೆಯ ಅಂಚಿಗೆ ಚುಕ್ಕೆಗಳ ಸಾಲು ಕಾಣುತ್ತದೆಯೋ ಅಲ್ಲಿ ಮಾತ್ರ ಟೆಂಟ್ ಹಾಕುವ ಸಲುವಾಗಿ ವಾಹನವನ್ನು ರಸ್ತೆಯಿಂದ ಒಳಗೆ ಒಯ್ಯಲು ಅನುಮತಿಯಿರುತ್ತದೆ. ಕಾಡಿನಲ್ಲಿ ಸಿಗ್ನಲ್ ಸಿಗುವ ಭರವಸೆಯಿಲ್ಲದ ಕಾರಣ ಈ ನಕ್ಷೆಯನ್ನು ಮನೆಯಲ್ಲಿಯೇ ಫೋನಿಗೆ ಇಳಿಸಿಕೊಳ್ಳುವುದು ಒಳಿತು. ಇದೇ ಅರಣ್ಯದಲ್ಲಿ ಸೆಡೋನಾ ಪಟ್ಟಣದ ಆಸುಪಾಸಿನ ಹಲವೆಡೆ ತಂಗುವುದಕ್ಕೇ ನಿಷೇಧವಿದೆ.

ಹೀಗೆ ಶುಲ್ಕವಿಲ್ಲದೆ ತಂಗುವ ಜಾಗಗಳಲ್ಲಿ ನಲ್ಲಿಯಾಗಲಿ ಶೌಚಾಲಯವಾಗಲಿ ಕಸದ ತೊಟ್ಟಿಯಾಗಲಿ ಇರುವುದಿಲ್ಲ. ನೀರನ್ನು ಕ್ಯಾನುಗಳಲ್ಲಿ ತುಂಬಿಕೊಂಡು ಹೋಗಬೇಕು. ಶೌಚಕ್ಕೆ ನೀರಿನ ಮೂಲದಿಂದ 200 ಅಡಿ ದೂರದಲ್ಲಿ 6ರಿಂದ 8 ಇಂಚು ಆಳದ ಗುಂಡಿ ತೋಡಿ, ಬಳಿಕ ಮುಚ್ಚಬೇಕು.

ಬೆಂಕಿಯ ವಿಷಯದಲ್ಲಿ ಮಾತ್ರ ಸಡಿಲಿಕೆ ಬೇಡ. ಅಲ್ಲಿನ ನೆಲದ ತುಂಬ ಒಣಗಿದ ಪೈನ್ ಎಲೆಗಳಿರುತ್ತವೆ. ಹೊರಡುವ ದಿನ ನಿರ್ಬಂಧ ಜಾರಿಯಲ್ಲಿದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೂ ಚಹಾ, ಉಪ್ಪಿಟ್ಟಿಗೆ ಗ್ಯಾಸ್ ಸ್ಟೌವೇ ಸಾಕೆಂಬುದು ನನ್ನ ಅಭಿಪ್ರಾಯ. ಬೆಂಕಿ ಹಾಕಿದ್ದರೆ ನೀರು ಸುರಿದು, ಬೂದಿ ಕಲಕಿ, ಮತ್ತೆ ನೀರು ಸುರಿದು, ಬೂದಿಯ ಸನಿಹಕ್ಕೆ ಅಂಗೈಯ ಹಿಂಬದಿ ಒಡ್ಡಿದಾಗ ಬಿಸಿ ತಾಗದಷ್ಟು ತಣಿದ ಮೇಲೆಯೇ ಹೊರಡಿ.