ಸಮ್ಮಟಿಗೆಯ ಪೆಟ್ಟಿನಿಂದ ಬಂಡೆಯ ಆಳ ತಿಳಿಯುವುದು ಹೇಗೆ?

ಕೋಲಾರ ಜಿಲ್ಲೆಯಲ್ಲಿ ತೆರೆದ ಬಾವಿಯನ್ನೋ ಕೃಷಿಹೊಂಡವನ್ನೋ ತೋಡಿಸುವವರಿಗೆ ಕೆಮ್ಮಣ್ಣಿನ ಕೆಳಗೆ ಗಟ್ಟಿ ಬಂಡೆ ಎಷ್ಟು ಅಡಿಗೆ ಸಿಗುತ್ತದೆ ಎಂಬುದು ಮೊದಲೇ ತಿಳಿದಿರಬೇಕು. ಗುದ್ದಲಿ ಹಾಕದೆಯೇ ಅದನ್ನು ತಿಳಿಸುವ ವಿಧಾನಕ್ಕೆ ಭೂಕಂಪನ ವಕ್ರೀಭವನ ಸಮೀಕ್ಷೆ ಎನ್ನುತ್ತಾರೆ. ಸಲಕರಣೆ ತರುವವರು ಭೂಭೌತ ತಜ್ಞರೇ ಆದರೂ ಜಮೀನಿನವರು ಅದರ ಕ್ರಮವನ್ನು ಅರಿತಿರುವುದು ಒಳ್ಳೆಯದು.

ಮೊದಲು ನೇರ ಗೆರೆಯಲ್ಲಿ 5 ಮೀಟರಿಗೊಂದರಂತೆ 12 ಜಿಯೋಫೋನ್‌ಗಳನ್ನು (ನೆಲದ ಅದುರನ್ನು ಗ್ರಹಿಸುವ ಸಣ್ಣ ಸಾಧನಗಳು) ನೆಲಕ್ಕೆ ಬಿಗಿಯಾಗಿ ಊರಬೇಕು. ಉತ್ತ ಹೊಲವಾದರೆ ಮೇಲಿನ ಸಡಿಲ ಮಣ್ಣನ್ನು ಕೆರೆದು ಊರಬೇಕು. ಗೆರೆಯ ಉದ್ದ, ತಿಳಿಯಬೇಕಾದ ಆಳದ ನಾಲ್ಕೈದು ಪಟ್ಟಾದರೂ ಇರಬೇಕು. ಅಕ್ಕಪಕ್ಕದ ಪಂಪ್‌ಸೆಟ್‌ಗಳನ್ನು ನಿಲ್ಲಿಸಿ, ಗಾಳಿ ಕಡಿಮೆಯಿರುವ ಹೊತ್ತನ್ನು ಆರಿಸಿಕೊಳ್ಳಬೇಕು.

ಗೆರೆಯ ತುದಿಯಲ್ಲಿ ಕಬ್ಬಿಣದ ತಟ್ಟೆಯಿಟ್ಟು ಸಮ್ಮಟಿಗೆಯಿಂದ ಹೊಡೆದ ಕ್ಷಣದಿಂದ ಯಂತ್ರ ಸಮಯವನ್ನು ಎಣಿಸುತ್ತದೆ. ಒಂದೇ ಪೆಟ್ಟು ಸಾಲದು. ಎಂಟು ಹತ್ತು ಪೆಟ್ಟುಗಳ ದಾಖಲೆಗಳನ್ನು ಕೂಡಿಸಿದಾಗ ಪೆಟ್ಟಿನ ಅಲೆ ಎದ್ದು ಕಾಣುತ್ತದೆ, ವಾಹನಗಳ ಅದುರು ಬಹುಮಟ್ಟಿಗೆ ಅಳಿಸಿಹೋಗುತ್ತದೆ.

ಹತ್ತಿರದ ಜಿಯೋಫೋನ್‌ಗಳಿಗೆ ಮಣ್ಣಿನಲ್ಲೇ ನೇರವಾಗಿ ಸಾಗಿದ ಅಲೆ ಮೊದಲು ತಲುಪಿದರೆ, ದೂರದವುಗಳಿಗೆ ಕೆಳಗಿಳಿದು ಬಂಡೆಯ ಮೈಗುಂಟ ಓಡಿ ಮತ್ತೆ ಮೇಲೆದ್ದ ಅಲೆ, ಸುತ್ತುದಾರಿಯಾದರೂ ಬಂಡೆಯಲ್ಲಿ ಅದರ ವೇಗ ಹೆಚ್ಚಾದ್ದರಿಂದ, ಮೊದಲು ಮುಟ್ಟುತ್ತದೆ. 1909ರಲ್ಲಿ ಕ್ರೊಯೇಷಿಯಾದ ವಿಜ್ಞಾನಿ ಮೊಹೊರೊವಿಚಿಚ್ ಭೂಕಂಪದ ಅಲೆಗಳಲ್ಲಿ ಇದನ್ನೇ ಗಮನಿಸಿ ಭೂಮಿಯ ಹೊರಪದರದ ತಳವನ್ನು ಗುರುತಿಸಿದರು. ನಮ್ಮ ಪಕ್ಕದ ಗೌರಿಬಿದನೂರಿನಲ್ಲಿ 1965ರಿಂದ ಎಲ್ ಆಕಾರದಲ್ಲಿ ಹರಡಿರುವ ಭೂಕಂಪ ಮಾಪಕಗಳೂ ಅಲೆ ಬಂದು ಮುಟ್ಟಿದ ಹೊತ್ತುಗಳನ್ನೇ ಹೋಲಿಸುತ್ತವೆ.

ದೂರ ಮತ್ತು ಸಮಯದ ನಕ್ಷೆ ಬರೆದರೆ ಗೆರೆ ಒಂದೆಡೆ ಬಾಗುತ್ತದೆ. ಆ ಬಾಗು 20 ಮೀಟರಿನಲ್ಲಿದ್ದು, ಅಲೆಯ ವೇಗ ಮಣ್ಣಿನಲ್ಲಿ ಸೆಕೆಂಡಿಗೆ 500 ಮೀಟರ್, ಬಂಡೆಯಲ್ಲಿ 5,000 ಮೀಟರ್ ಎಂದುಕೊಳ್ಳೋಣ. ವೇಗಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆದು, ಬಾಗಿನ ದೂರದ ಅರ್ಧದಿಂದ ಗುಣಿಸಬೇಕು. ಬರುವ ಉತ್ತರ ಸುಮಾರು 9 ಮೀಟರ್, ಅಂದರೆ 30 ಅಡಿ.

ಇಷ್ಟಕ್ಕೇ ಸಲಕರಣೆ ಕಟ್ಟಿಬಿಡಬಾರದು. ಗೆರೆಯ ಇನ್ನೊಂದು ತುದಿಯಿಂದಲೂ ಹೊಡೆಸಲೇಬೇಕು, ಏಕೆಂದರೆ ಬಂಡೆ ಇಳಿಜಾರಾಗಿದ್ದರೆ ಒಂದೇ ಕಡೆಯ ಲೆಕ್ಕ ತಪ್ಪುತ್ತದೆ.

ಕೆಳಗೆ ನೀರಿದೆಯೇ ಎಂಬುದನ್ನು ಮಾತ್ರ ಈ ಅಲೆಗಳೇ ಖಚಿತಪಡಿಸಲಾರವು. ನೀರು ತುಂಬಿದ ಶಿಥಿಲ ಶಿಲೆಯಲ್ಲೂ ಒದ್ದೆ ಜೇಡಿಮಣ್ಣಿನಲ್ಲೂ ಅವುಗಳ ವೇಗ ಹೆಚ್ಚುಕಡಿಮೆ ಒಂದೇ ಆಗಿರಬಹುದು. ಸಾವಿರ ಅಡಿಯ ಕೊಳವೆಬಾವಿಗೆ ಬೇಕಾದ ಬಿರುಕುಗಳನ್ನು ಹುಡುಕುವಷ್ಟು ಆಳಕ್ಕಂತೂ ಸಮ್ಮಟಿಗೆಯ ಪೆಟ್ಟು ಇಳಿಯುವುದಿಲ್ಲ.