ಕತ್ತಲಿಗೆ ಕಣ್ಣು ಒಗ್ಗಿದ ಮೇಲೆ ಕಂಡ ದ್ರೋಸಿಯಾನಿ

ಗ್ರೀಸಿನ ದ್ವೀಪಗಳ ಚರ್ಚು ಅಂದರೆ ಸುಣ್ಣ ಬಳಿದ ಗೋಡೆ, ನೀಲಿ ಗುಮ್ಮಟ ಎಂದೇ ನನ್ನ ತಲೆಯಲ್ಲಿತ್ತು. ನಾಕ್ಸೋಸ್ ದ್ವೀಪದ ಮೋನಿ ಹಳ್ಳಿಯ ಹತ್ತಿರ, ಗುಡ್ಡದ ಇಳಿಜಾರಿನಲ್ಲಿರುವ ಪನಯಿಯಾ ದ್ರೋಸಿಯಾನಿಗೆ ಸುಣ್ಣವೂ ಇಲ್ಲ, ನೀಲಿಯೂ ಇಲ್ಲ. ಬೂದು ಬಣ್ಣದ ಒರಟು ಕಲ್ಲಿನ ಗಿಡ್ಡ ಕಟ್ಟಡ, ಅದರ ಪಕ್ಕಕ್ಕೆ ಅಂಟಿಕೊಂಡ ಮೂರು ಪುಟ್ಟ ಗುಡಿಗಳು. ದೂರದಿಂದ ನೋಡಿದಾಗ ಗುಡ್ಡದ್ದೇ ಬಂಡೆ ಅಂದುಕೊಂಡಿದ್ದೆ. ಪನಯಿಯಾ ಅಂದರೆ ಮೇರಿಯಮ್ಮ; ದ್ರೋಸಿಯಾ ಅಂದರೆ ತಂಪು. ಕನ್ನಡದಲ್ಲಿ ಕರೆಯುವುದಾದರೆ ತಂಪಿನಮ್ಮ!

ಬಂದರು ಪಟ್ಟಣದಿಂದ ಬಸ್ಸಿನಲ್ಲಿ ಹಾಲ್ಕಿ ಎಂಬ ಊರಿಗೆ ಬಂದು, ಅಲ್ಲಿಂದ ಆಲಿವ್ ತೋಪುಗಳ ನಡುವೆ ನಡೆದೇ ಹತ್ತಿದೆ. ಇಂಥ ಚರ್ಚುಗಳ ಬಾಗಿಲು ದಿನವಿಡೀ ತೆರೆದಿರುವುದಿಲ್ಲ, ಹಾಗಾಗಿ ಬೆಳಿಗ್ಗೆಯೇ ಹೊರಟಿದ್ದೆ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿದ್ದೆ. ಹೊಸ್ತಿಲಲ್ಲಿ ರೂಢಿಯಂತೆ ಚಪ್ಪಲಿ ಬಿಡಲು ಬಗ್ಗಿದರೆ, ಒಳಗೆ ಕೂತಿದ್ದ ಅಜ್ಜಿ ಬೇಡ ಬೇಡ ಎಂದು ಕೈಯಾಡಿಸಿದರು. ಅಲ್ಲಿ ಕಾಲಿನಲ್ಲಿ ಚಪ್ಪಲಿ ಇದ್ದೇ ದೇವರ ಮುಂದೆ ನಿಲ್ಲುತ್ತಾರೆ. ನನಗೆ ಕೊನೆಯವರೆಗೂ ಮುಜುಗರವೇ.

ಪೆಟ್ಟಿಗೆಗೆ ಕಾಣಿಕೆ ಹಾಕಿ, ಕಡ್ಡಿಯಷ್ಟು ತೆಳ್ಳಗಿನ ಜೇನುಮೇಣದ ಬತ್ತಿ ತೆಗೆದುಕೊಂಡು ಹಚ್ಚಿ, ಮರಳಿನ ತಟ್ಟೆಯಲ್ಲಿ ಚುಚ್ಚಿದೆ. ಆಮೇಲೆ ಮಾಡಿದ್ದು ದೊಡ್ಡ ತಪ್ಪು: ಸುತ್ತ ಕಣ್ಣು ಹಾಯಿಸಿ, ಕಪ್ಪುಗಟ್ಟಿದ ಗಾರೆ ಬಿಟ್ಟು ಏನೂ ಇಲ್ಲವಲ್ಲ ಎಂದು ಐದೇ ನಿಮಿಷಕ್ಕೆ ಹೊರಗೆ ಹೊರಟೆ. ಅಜ್ಜಿ ತಡೆದರು. ಕುರ್ಚಿ ತೋರಿಸಿ “ಸಿಗಾ, ಸಿಗಾ” ಅಂದರು. ನಿಧಾನ, ನಿಧಾನ. ಕೂತೆ.

ಕಾಲು ಗಂಟೆ ಕಳೆದಿರಬೇಕು. ಮೊದಲು ಒಂದು ಕಾವಿ ಗೆರೆ ಕಂಡಿತು. ಅದರ ಪಕ್ಕ ಒಂದು ಕಣ್ಣು. ಆಮೇಲೆ ಇಡೀ ಮುಖ, ಹಳದಿ ಪ್ರಭಾವಳಿ. ತಲೆಯೆತ್ತಿದರೆ ಗುಮ್ಮಟದೊಳಗೆ ಒಬ್ಬನಲ್ಲ, ಇಬ್ಬರು ಕ್ರಿಸ್ತರು! ಒಬ್ಬ ಎಳೆಯ ಪ್ರಾಯದವನು, ಇನ್ನೊಬ್ಬ ಗಡ್ಡ ಬಿಟ್ಟ ಹಿರಿಯ. ಒಂದು ಗುಮ್ಮಟದಲ್ಲಿ ಒಬ್ಬನನ್ನೇ ಬರೆಯುವುದು ವಾಡಿಕೆ. ಇಬ್ಬರೂ ಎದುರುಬದುರಾಗಿ ನನ್ನನ್ನೇ ನೋಡುತ್ತಿದ್ದಂತಿತ್ತು.

ಈ ಚಿತ್ರಗಳು 6-7ನೇ ಶತಮಾನದವು. ಮೇಲೆ ಬಳಿದಿದ್ದ ಈಚಿನ ಪದರಗಳನ್ನು ಬಿಡಿಸಿದಾಗ ಅಡಿಯಲ್ಲಿ ಸಿಕ್ಕಿದ್ದು. 8-9ನೇ ಶತಮಾನಗಳಲ್ಲಿ, ಆಗ ಈ ದ್ವೀಪವನ್ನು ಆಳುತ್ತಿದ್ದ ಬೈಜಾಂಟೈನ್ (ಪೂರ್ವ ರೋಮನ್) ಚಕ್ರವರ್ತಿಗಳು ದೇವರ ಚಿತ್ರಗಳನ್ನೇ ನಿಷೇಧಿಸಿದ್ದರು. 843ರಲ್ಲಿ ಆ ನಿಷೇಧ ಕೊನೆಗೊಳ್ಳುವಷ್ಟರಲ್ಲಿ ಎಷ್ಟೋ ಗೋಡೆಗಳು ಬೋಳಾಗಿದ್ದವು. ಅದಕ್ಕೂ ಹಿಂದಿನ ಮುಖವೊಂದು ಹೀಗೆ ಹಳ್ಳಿಯ ಗುಡ್ಡದ ಮೇಲೆ ಉಳಿದಿದೆ ಎನ್ನುವುದು ನನಗೆ ಇವತ್ತಿಗೂ ಮೈ ಜುಂ ಎನ್ನಿಸುತ್ತದೆ. ದಯವಿಟ್ಟು ಅಲ್ಲಿ ಫ್ಲ್ಯಾಶ್ ಹಾಕಬೇಡಿ. ನಾನು ಫೋನನ್ನು ಚೀಲದಿಂದ ತೆಗೆಯಲೇ ಇಲ್ಲ.

ಪಟದ ಬಳಿ ದಾರಕ್ಕೆ ಪೋಣಿಸಿದ ತಗಡಿನ ಚಿಕ್ಕ ತುಂಡುಗಳು ತೂಗುತ್ತಿದ್ದವು: ಒಂದರಲ್ಲಿ ಕಾಲು, ಒಂದರಲ್ಲಿ ಮಗು, ಒಂದರಲ್ಲಿ ಎರಡು ಕಣ್ಣು. ‘ತಾಮಾ’ ಅನ್ನುತ್ತಾರೆ. ನಮ್ಮಮ್ಮ ನನ್ನ ಕಣ್ಣುಬೇನೆಗೆ ಹರಕೆ ಹೊತ್ತು ದೇವಿಗೆ ಒಪ್ಪಿಸಿದ್ದ ಬೆಳ್ಳಿ ಕಣ್ಣುಗಳೂ ಹೆಚ್ಚುಕಡಿಮೆ ಇಷ್ಟೇ ಇದ್ದವು. ಅಜ್ಜಿಗೆ ನನ್ನ ಕಣ್ಣು ಮುಟ್ಟಿ, ಆ ತಗಡು ತೋರಿಸಿ, ಕೈಮುಗಿದೆ. ಅವರು ತಲೆಯಾಡಿಸಿ ಇನ್ನೊಂದು ಮೇಣದ ಬತ್ತಿ ನನ್ನ ಕೈಗಿಟ್ಟರು. ಕಾಸು ಕೊಡಹೋದರೆ ತೆಗೆದುಕೊಳ್ಳಲಿಲ್ಲ.