ಆಗಸ್ಟ್ 15ಕ್ಕೆ ಇಟಲಿಯಲ್ಲಿದ್ದರೆ: ಫೆರ್ರಾಗೊಸ್ತೊ ಆಚರಿಸುವುದು ಹೇಗೆ

ಆಗಸ್ಟ್ ಮಧ್ಯದಲ್ಲಿ ಇಟಲಿಗೆ ಬರುತ್ತಿದ್ದೀರಾ? ಹಾಗಾದರೆ 15ನೇ ತಾರೀಖಿಗೆ ಮ್ಯೂಸಿಯಂ, ಕೋಟೆ ಅಂತ ಪಟ್ಟಿ ಮಾಡಬೇಡಿ. ಅವತ್ತು ಫೆರ್ರಾಗೊಸ್ತೊ. ಜನ ಊರು ಬಿಟ್ಟು ಸಮುದ್ರಕ್ಕೋ, ಕೆರೆ ದಡಕ್ಕೋ, ಬೆಟ್ಟಕ್ಕೋ ಹೋಗಿ ಒಟ್ಟಿಗೆ ಕೂತು ಊಟ ಮಾಡುವ ದಿನ. ರೋಮ್‌ನಲ್ಲಿ ಸಂಸಾರ ಹೂಡಿರುವ ನಾನು ಇಲ್ಲಿಗೆ ಬರುವ ನೆಂಟರಿಗೆಲ್ಲ ಹೇಳುವುದು ಒಂದೇ: ಅವತ್ತು ಊರು ನೋಡಲು ಹೊರಡಬೇಡಿ, ಬುತ್ತಿ ಕಟ್ಟಿಕೊಂಡು ಹೊರಡಿ.

ಈ ರಜೆ ಶುರುವಾಗಿದ್ದು ಅಗಸ್ಟಸ್ ಚಕ್ರವರ್ತಿಯಿಂದ, ಕ್ರಿ.ಪೂ. 18ರಲ್ಲಿ. ಸುಗ್ಗಿಯ ದುಡಿಮೆ ಮುಗಿಸಿದ ಜನಕ್ಕೆ ಸ್ವಲ್ಪ ಬಿಡುವು ಸಿಗಲಿ ಅಂತ. ಕುದುರೆ, ಹೇಸರಗತ್ತೆಗಳಿಗೂ ಅವತ್ತು ನೊಗ ಇಲ್ಲ, ಮೈಗೆ ಹೂವಿನ ಅಲಂಕಾರ. ಕೆಲಸದವರು ಯಜಮಾನರಿಗೆ ಶುಭಾಶಯ ಹೇಳಿದರೆ ಕೈಗೆ ನಾಲ್ಕು ಕಾಸು ಸಿಗುತ್ತಿತ್ತು. ಆಗಸ್ಟ್ ಮೊದಲಲ್ಲಿದ್ದ ಈ ಹಬ್ಬವನ್ನು ಚರ್ಚ್ ಮುಂದೆ 15ಕ್ಕೆ, ಅಂದರೆ ಮರಿಯಮ್ಮ ಸ್ವರ್ಗಕ್ಕೇರಿದ ದಿನಕ್ಕೆ ಸೇರಿಸಿತು.

ಆದರೆ ಬುತ್ತಿಯ ಕಥೆ ಇಷ್ಟು ಹಳೆಯದಲ್ಲ. 1931ರಿಂದ ಮುಸೊಲಿನಿ ಸರ್ಕಾರ ಬೇಸಿಗೆಯಲ್ಲಿ ಅಗ್ಗದ 'ಜನರ ರೈಲು' ಓಡಿಸಿತು. ಸರ್ಕಾರಕ್ಕೆ ಅದು ಪ್ರಚಾರದ ದಾರಿ. ಜನಕ್ಕೆ ಮಾತ್ರ ಎಷ್ಟೋ ಮಂದಿಗೆ ಅದೇ ಮೊದಲ ಸಲ ಸಮುದ್ರ ಕಂಡದ್ದು. ಟಿಕೆಟ್‌ನಲ್ಲಿ ಊಟ ಸೇರಿರಲಿಲ್ಲ, ಹಾಗಾಗಿ ಮನೆಯಿಂದಲೇ ಕಟ್ಟಿಕೊಂಡು ಹೋಗುತ್ತಿದ್ದರು. ಆ ಸರ್ಕಾರ ಹೋಯಿತು, ಬುತ್ತಿ ಉಳಿಯಿತು. ಅದು ಉಳಿದದ್ದು ನನಗೆ ತುಂಬಾ ಖುಷಿ.

ಈಗ ತಯಾರಿಗೆ ಬನ್ನಿ. ಸಾಮಾನು 13ರೊಳಗೆ ತಂದಿಟ್ಟುಕೊಳ್ಳಿ. ಚಿಕ್ಕ ಅಂಗಡಿಗಳ ಬಾಗಿಲಿಗೆ 'ಕಿಯೂಸೊ ಪೆರ್ ಫೇರಿಯೆ', ಅಂದರೆ ರಜೆಗೆ ಮುಚ್ಚಿದೆ ಅನ್ನುವ ಚೀಟಿ ಅಂಟಿರುತ್ತದೆ, ಕೆಲವು ಕಡೆ ವಾರಗಟ್ಟಲೆ. ಔಷಧಿ ಬೇಕಾದರೆ ಯಾವುದಾದರೂ ಮುಚ್ಚಿದ ಫಾರ್ಮಸಿಯ ಬಾಗಿಲು ನೋಡಿ, ಸರದಿ ಮೇಲೆ ತೆರೆದಿರುವ ಫಾರ್ಮಸಿ ಯಾವುದು ಅಂತ ಅಲ್ಲೇ ಬರೆದಿರುತ್ತಾರೆ. ಬೀಚ್‌ನಲ್ಲಿ ಕೊಡೆ, ಕುರ್ಚಿ ಬೇಕಿದ್ದರೆ ಮುಂಚೆಯೇ ಕಾದಿರಿಸಿ. ಹೋಟೆಲ್ ಊಟಕ್ಕೂ ಅಷ್ಟೇ. ವ್ಯಾಟಿಕನ್ ಮ್ಯೂಸಿಯಂ 15ಕ್ಕೆ ಮುಚ್ಚಿರುತ್ತದೆ.

ರೋಮ್‌ನವರ ಬುತ್ತಿ ಅಂದರೆ ಕೋಳಿ ಮತ್ತು ದೊಣ್ಣೆಮೆಣಸಿನಕಾಯಿ. ನಮ್ಮ ಮೇಲಿನ ಮನೆಯ ಅಜ್ಜಿ ಇದನ್ನು 14ರ ಸಂಜೆಯೇ ಮಾಡಿಡುತ್ತಾರೆ. ಕೆಂಪು, ಹಳದಿ ಮೆಣಸಿನಕಾಯಿಗಳನ್ನು ಒಲೆಯ ಉರಿಯಲ್ಲಿ ಸಿಪ್ಪೆ ಕಪ್ಪಾಗುವವರೆಗೆ ಸುಟ್ಟು, ಪಾತ್ರೆಯಲ್ಲಿ ಮುಚ್ಚಿಡುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಬೆರಳಿನಿಂದ ಉಜ್ಜಿದರೆ ಸಾಕು, ಸಿಪ್ಪೆ ಬಿಟ್ಟುಕೊಳ್ಳುತ್ತದೆ. ನೀರಲ್ಲಿ ತೊಳೆಯಲು ಬಿಡುವುದಿಲ್ಲ, ರುಚಿ ಹೋಗುತ್ತದಂತೆ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಜೊತೆ ಕೋಳಿ ಕೆಂಪಗಾದ ಮೇಲೆ ಒಂದು ಲೋಟ ಬಿಳಿ ವೈನ್, ಆಮೇಲೆ ಟೊಮೆಟೊ. ಮೆಣಸಿನಕಾಯಿ ಪಟ್ಟಿಗಳು ಕೊನೆಗೆ. ರಾತ್ರಿಯಿಡೀ ರಸ ಹೀರಿಕೊಂಡ ಕೋಳಿ ಮರುದಿನ ಬಿಸಿ ಮಾಡದೇ ತಿಂದರೂ ಬಿಸಿಯದ್ದಕ್ಕಿಂತ ಚೆನ್ನ. ಮಾಂಸ ತಿನ್ನದವರು ಬದನೆಕಾಯಿ ಪಾರ್ಮಿಜಾನಾ, ಅಂದರೆ ಹುರಿದ ಬದನೆಕಾಯಿ, ಟೊಮೆಟೊ, ಚೀಸ್ ಪದರ ಪದರವಾಗಿಟ್ಟು ಬೇಯಿಸಿದ್ದು, ಮಾಡಿಕೊಳ್ಳಿ, ಅದನ್ನೂ ಹಿಂದಿನ ದಿನವೇ ಮಾಡಿದರೆ ಒಳ್ಳೆಯದು. ಊಟವಾದ ಮೇಲೆ ಕಲ್ಲಂಗಡಿ ಇರಲೇಬೇಕು. ಸಿಸಿಲಿಯಲ್ಲಾದರೆ ಅದರ ರಸಕ್ಕೆ ಪಿಷ್ಟ ಸೇರಿಸಿ ಕಾಯಿಸಿ, ತಣ್ಣಗೆ ಗಟ್ಟಿ ಮಾಡಿದ 'ಜೆಲೊ' ಸಿಗುತ್ತದೆ. ಬಿಡಬೇಡಿ.

14ರ ರಾತ್ರಿ ಹುಡುಗರು ಬೀಚ್‌ನಲ್ಲೇ ಕಳೆಯುತ್ತಾರೆ, ಮಧ್ಯರಾತ್ರಿ ಸಮುದ್ರಕ್ಕೆ ಇಳಿಯುತ್ತಾರೆ. ಮರಳ ಮೇಲೆ ಬೆಂಕಿ ಹಾಕುವುದು ಹಳೇ ಪದ್ಧತಿ, ಆದರೆ ಈಗ ಬಹಳ ಊರುಗಳಲ್ಲಿ ನಿಷೇಧ ಇದೆ, ದಂಡ ಹಾಕುತ್ತಾರೆ. ಸ್ಥಳೀಯರನ್ನು ಕೇಳಿಯೇ ಮುಂದುವರಿಯಿರಿ. 15ಕ್ಕೆ ನೀರು ತುಂಬಿದ ಬಲೂನು ಎಸೆಯುತ್ತಾರೆ, ಫೋನ್ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಜಾತ್ರೆ ನೋಡುವ ಆಸೆ ಇದ್ದರೆ ಊರು ನೋಡಿ ಆರಿಸಿಕೊಳ್ಳಿ. ಸಾರ್ಡೀನಿಯಾದ ಸಾಸ್ಸರಿಯಲ್ಲಿ 14ಕ್ಕೆ ದೊಡ್ಡ ಮರದ ಮೇಣದಬತ್ತಿ ಕಂಬಗಳನ್ನು ಹೊತ್ತು ಕುಣಿಸುತ್ತಾರೆ. ಸಿಸಿಲಿಯ ಮೆಸ್ಸೀನಾದಲ್ಲಿ 15ಕ್ಕೆ 'ವಾರಾ'. ಎತ್ತರದ ಗೋಪುರದಂಥ ರಚನೆಯನ್ನು ನೆನೆಸಿದ ರಸ್ತೆ ಮೇಲೆ ಜನ ಬರಿಗಾಲಲ್ಲಿ ಹಗ್ಗ ಹಿಡಿದು ಎಳೆಯುತ್ತಾರೆ. ನಮ್ಮ ರಥೋತ್ಸವ ಕಂಡವರಿಗೆ ಮೈ ಜುಮ್ಮೆನ್ನುತ್ತದೆ. ಸಿಯೇನಾದ ಪಾಲಿಯೊ ಕುದುರೆ ಓಟ 16ಕ್ಕೆ. ಒಟ್ಟು 17 ಕೇರಿಗಳಲ್ಲಿ 10 ಕೇರಿ ಮಾತ್ರ ಓಡುತ್ತವೆ, ಚೌಕಕ್ಕೆ ಮೂರು ಸುತ್ತು. ಸವಾರ ಬಿದ್ದರೂ ಕುದುರೆ ಮೊದಲು ಬಂದರೆ ಗೆಲುವೇ! ಚೌಕದ ಮಧ್ಯ ನಿಂತು ನೋಡಲು ದುಡ್ಡಿಲ್ಲ, ಆದರೆ ನೆರಳೂ ಇಲ್ಲ. ಒಳಗೆ ಹೋದರೆ ಗಂಟೆಗಟ್ಟಲೆ ಅಲ್ಲೇ ನಿಲ್ಲಬೇಕು. ನೀರು, ಟೋಪಿ ಮರೆಯಬೇಡಿ, ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ.

ಯಾರಾದರೂ ಮನೆಗೆ ಊಟಕ್ಕೆ ಕರೆದರೆ ಮಾತ್ರ ಇದೆಲ್ಲ ಬಿಟ್ಟು ಅಲ್ಲಿಗೇ ಹೋಗಿ. ಕೈಯಲ್ಲಿ ಒಂದು ಡಬ್ಬಿ ಐಸ್‌ಕ್ರೀಮ್ ಇರಲಿ, ಬಾಗಿಲಲ್ಲೇ 'ಬುವೊನ್ ಫೆರ್ರಾಗೊಸ್ತೊ' ಅನ್ನಿ. ಊಟ ಮುಗಿದ ಕೂಡಲೇ ಎದ್ದು ಹೊರಡಬೇಡಿ. ಕಾಫಿ, ಇಸ್ಪೀಟು, ಒಂದು ನಿದ್ದೆ, ಮತ್ತೆ ಕಲ್ಲಂಗಡಿ, ಹೀಗೆ ಸಂಜೆಯಾಗುತ್ತದೆ. ಅವತ್ತು ಬಸ್ಸು, ರೈಲು ರಜಾದಿನದ ವೇಳಾಪಟ್ಟಿಯಲ್ಲಿ ಓಡುತ್ತವೆ, ಕೊನೆಯ ಗಾಡಿ ಎಷ್ಟಕ್ಕೆ ಅಂತ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ.